ಪ್ರತಿ ವರ್ಷ ಯಾಜಕಕಾಂಡದಲ್ಲೇ ನಿಂತುಹೋಗುತ್ತೇನೆ, ನೀವೆಲ್ಲ ದಿನಾ ಬೈಬಲ್ ಓದೋಕೆ ಹೇಗೆ ಸಮಯ ಮಾಡಿಕೊಳ್ಳುತ್ತೀರಿ?

ಹಗಲಿಡೀ ಓಟ:

ಎಲ್ಲರಿಗೂ ವಂದನೆ. ಮೂರು ವರ್ಷದಿಂದ ಪ್ರತಿ ಜನವರಿ ಒಂದಕ್ಕೆ 'ಈ ಸಲ ಬೈಬಲ್ ಪೂರ್ತಿ ಓದಿ ಮುಗಿಸುತ್ತೇನೆ' ಅಂತ ಶುರು ಮಾಡುತ್ತೇನೆ. ಆದಿಕಾಂಡ ಸರಸರ ಸಾಗುತ್ತದೆ. ಯೋಸೇಫನ ಕಥೆಯಂತೂ ಕೂತ ಕಡೆಯೇ ಮುಗಿಸಿದ್ದೆ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೂ ಪರವಾಗಿಲ್ಲ. ಆಮೇಲೆ ದೇವರ ಆರಾಧನೆಯ ಗುಡಾರದ ಅಳತೆ, ಪರದೆ, ಕೊಂಡಿ, ಕಂಬ, ಮತ್ತೆ ಅದೇ ಅಳತೆ... ಅದು ಮುಗಿದರೆ ಯಾಜಕಕಾಂಡ, ಬಲಿ, ಶುದ್ಧಿಯ ನಿಯಮಗಳ ಪುಸ್ತಕ. ನನ್ನ ಬೈಬಲ್ಲಿನ ಕೆಂಪು ದಾರ ಈಗಲೂ ಯಾಜಕಕಾಂಡ 13ರಲ್ಲೇ ಇದೆ, ಆ ಚರ್ಮರೋಗದ ಪರೀಕ್ಷೆ ಬರುವ ಅಧ್ಯಾಯ. ದಾರದ ಗುರುತು ಪುಟದ ಮೇಲೆ ಬಿದ್ದುಬಿಟ್ಟಿದೆ.

ಬೆಳಿಗ್ಗೆ ಏಳುವುದೇ ಮಕ್ಕಳನ್ನು ಎಬ್ಬಿಸುವ ಗಡಿಬಿಡಿಯಲ್ಲಿ. ರಾತ್ರಿ ಮಲಗಿಕೊಂಡು ಓದೋಣ ಅಂದರೆ ಎರಡನೇ ವಚನಕ್ಕೇ ಪುಸ್ತಕ ಮುಖದ ಮೇಲೆ ಬೀಳುತ್ತದೆ. ಫೋನಿನಲ್ಲಿ ಒಂದು ಆ್ಯಪ್ ಹಾಕಿದೆ, ಅದು '41 ದಿನ ಬಾಕಿ' ಅಂತ ತೋರಿಸೋಕೆ ಶುರು ಮಾಡಿದ ಮೇಲೆ ತೆರೆಯೋಕೇ ಭಯ. ನೀವೆಲ್ಲ ಹೇಗೆ ಮಾಡುತ್ತೀರಿ? 'ಬೇಗ ಏಳಿ' ಅಂತ ಮಾತ್ರ ಹೇಳಬೇಡಿ, ದಯವಿಟ್ಟು.

ಹಳೇ ಓದುಗ:

ಇದರಲ್ಲಿ ನಿಮ್ಮ ಸೋಮಾರಿತನ ಏನೂ ಇಲ್ಲ, ಸುಮ್ನೆ ಲೆಕ್ಕ ನೋಡಿ. 66 ಪುಸ್ತಕದ ಬೈಬಲ್‌ನಲ್ಲಿ 1,189 ಅಧ್ಯಾಯ. ವರ್ಷಕ್ಕೆ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಓದಬೇಕು. ಆದಿಕಾಂಡ 50, ವಿಮೋಚನಕಾಂಡ 40, ಅಲ್ಲಿಗೆ ಒಂದು ತಿಂಗಳು. ಅಂದರೆ ಹೊಸ ವರ್ಷದ ಹುರುಪು ಇಳಿಯುವ ಹೊತ್ತಿಗೆ ಸರಿಯಾಗಿ ಯಾಜಕಕಾಂಡ ಎದುರಿಗೆ ಬರುತ್ತದೆ. ಅಲ್ಲಿ ಎಡವಿದವರು ನೀವೊಬ್ಬರೇ ಅಲ್ಲ, ನಾನೂ ಎರಡು ಸಲ ಬಿದ್ದಿದ್ದೇನೆ.

ಮೊದಲಿಂದ ಕೊನೆಗೆ ಒಂದೇ ಗೆರೆಯಲ್ಲಿ ಓದಬೇಕು ಅಂತ ಎಲ್ಲೂ ನಿಯಮ ಇಲ್ಲ. 1842ರಲ್ಲೇ ಸ್ಕಾಟ್ಲೆಂಡಿನ ರಾಬರ್ಟ್ ಮರ್ರೆ ಮಕ್‌ಶೇನ್ ಅನ್ನುವ ಪಾಸ್ಟರ್ ತಮ್ಮ ಸಭೆಗೆ ಒಂದು ಪಟ್ಟಿ ಮಾಡಿಕೊಟ್ಟರು. ಜನವರಿ ಒಂದಕ್ಕೆ ಆದಿಕಾಂಡ, ಮತ್ತಾಯ, ಎಜ್ರ, ಅಪೊಸ್ತಲರ ಕೃತ್ಯಗಳು ನಾಲ್ಕೂ ಒಟ್ಟಿಗೆ ಶುರು. ಒಂದು ಕಡೆ ಒಣ ಅನಿಸಿದರೂ ಇನ್ನೊಂದು ಕಡೆ ಏನಾದರೂ ಸಿಗುತ್ತದೆ. ಆದರೆ ದಿನಕ್ಕೆ ನಾಲ್ಕು ಅಧ್ಯಾಯ ನಿಮಗೆ ಭಾರವೇ. ಹೊಸ ಒಡಂಬಡಿಕೆ ಮಾತ್ರ ಹಿಡಿಯಿರಿ, ಅಂದರೆ ಯೇಸುವಿನಿಂದ ಮುಂದಿನ ಭಾಗ. ಒಟ್ಟು 260 ಅಧ್ಯಾಯ, ವಾರಕ್ಕೆ ಐದು ದಿನ ಒಂದೊಂದು ಓದಿದರೆ 52 ವಾರಕ್ಕೆ ಕರೆಕ್ಟಾಗಿ ಮುಗಿಯುತ್ತದೆ. ವಾರದಲ್ಲಿ ಎರಡು ದಿನ ತಪ್ಪಿದರೂ ಬಾಕಿ ಇಲ್ಲ! ಮಾರ್ಕನ ಸುವಾರ್ತೆಯಿಂದ ಶುರು ಮಾಡಿ, 16 ಅಧ್ಯಾಯ ಅಷ್ಟೇ, ಓಡುವ ಬರವಣಿಗೆ.

ರಾತ್ರಿ ಪಾಳಿ:

ನಾನು ಮನೆಗೆ ಬರುವುದೇ ಬೆಳಿಗ್ಗೆ, ಹಾಗಾಗಿ 'ಮುಂಜಾನೆಯ ಧ್ಯಾನ' ಅನ್ನೋ ಮಾತು ಕೇಳಿದರೆ ನಗು ಬರುತ್ತದೆ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥನೆಗೆ ಹೋದದ್ದು ಮಾರ್ಕ 1ರಲ್ಲಿದೆ, ಅದನ್ನೇ ಎಲ್ಲರೂ ಹೇಳುತ್ತಾರೆ. ಕೀರ್ತನೆ 63ರಲ್ಲಿ ದಾವೀದ ಹಾಸಿಗೆಯ ಮೇಲೆ, ರಾತ್ರಿಯ ಜಾವಗಳಲ್ಲಿ ದೇವರನ್ನು ನೆನೆಯುತ್ತಾನೆ. ಅದನ್ನು ಯಾರೂ ಎತ್ತುವುದಿಲ್ಲ ಅಲ್ವಾ?

ನಾನು ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳುತ್ತೇನೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಐಥಿಯೋಪ್ಯದ ಆ ಅಧಿಕಾರಿ ರಥದಲ್ಲಿ ಹೋಗುತ್ತಾ ಯೆಶಾಯನ ಪುಸ್ತಕ ಓದುತ್ತಿದ್ದ. ಅದೂ ಜೋರಾಗಿ, ಇಲ್ಲದಿದ್ದರೆ ಹೊರಗಿದ್ದ ಸುವಾರ್ತಿಕ ಫಿಲಿಪ್ಪನಿಗೆ ಕೇಳಿಸುತ್ತಲೇ ಇರಲಿಲ್ಲ. ಪ್ರಯಾಣದಲ್ಲಿ ಓದುವುದು ನಮ್ಮ ಕಾಲದ ಶಾರ್ಟ್‌ಕಟ್ ಏನಲ್ಲ. ಆ್ಯಪ್ ಬೇಕಾದರೆ ಇಟ್ಟುಕೊಳ್ಳಿ, ಆದರೆ 41 ದಿನ ಬಾಕಿ ತೋರಿಸುವ ಆ ಯೋಜನೆಯನ್ನು ಇವತ್ತೇ ಅಳಿಸಿ.

ಪೆನ್ಸಿಲ್ ಹಿಡಿದವಳು:

ಕೇಳುವುದು ಒಳ್ಳೆಯದೇ, ಆದರೆ ನನಗೆ ಅದು ಆಗಿಬರಲಿಲ್ಲ. ಹೊಸ ಒಡಂಬಡಿಕೆಯಲ್ಲಿರುವ ಪೌಲನ ಪತ್ರ ಕೇಳುತ್ತಾ ಕೇಳುತ್ತಾ ನಾಳೆಯ ಕೆಲಸದ ಪಟ್ಟಿ ಮಾಡುತ್ತಿರುತ್ತೇನೆ, ರೋಮಾಪುರದವರಿಗೆ ಬರೆದ ಪತ್ರವೇ ಹೀಗೆ ಕಿವಿಯಲ್ಲೇ ಮುಗಿದುಹೋಯಿತು. ಈಗ ಸ್ವಲ್ಪವೇ ಓದಿ, ನಿಂತ ವಚನದ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣ ಚುಕ್ಕೆ ಇಡುತ್ತೇನೆ. ಅಧ್ಯಾಯ ಮುಗಿಸಲೇಬೇಕು ಅನ್ನುವ ಹಟ ಬಿಟ್ಟೆ. ಅಧ್ಯಾಯದ ಈ ವಿಂಗಡಣೆ ಬಂದದ್ದೇ 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಯ ಈಗಿನ ವಚನಗಳ ಅಂಕಿ ರಾಬರ್ಟ್ ಎಸ್ಟಿಯನ್ ಅನ್ನುವ ಮುದ್ರಕ 1551ರಲ್ಲಿ ಹಾಕಿದ್ದು. ಅರ್ಧ ಅಧ್ಯಾಯಕ್ಕೆ ನಿಲ್ಲಿಸಿದರೆ ಪೌಲ ಏನೂ ಬೈಯುವುದಿಲ್ಲ.

ಸಮಯ ಹುಡುಕಬೇಡಿ, ಸಿಗುವುದಿಲ್ಲ. ಈಗಾಗಲೇ ದಿನಾ ಮಾಡುವ ಒಂದು ಕೆಲಸದ ಬೆನ್ನಿಗೆ ಕಟ್ಟಿಬಿಡಿ. ಮಕ್ಕಳು ಮನೆಯಿಂದ ಹೊರಟು ಬಾಗಿಲು ಹಾಕಿದ ಕೂಡಲೇ ನಾನು ಕೂರುತ್ತೇನೆ. ಮೊದಲು ಫೋನ್ ತೆಗೆದುಕೊಂಡೆನೋ, ಆ ದಿನ ಕೈಬಿಟ್ಟಂತೆಯೇ. ಅದಕ್ಕೇ ಹಿಂದಿನ ರಾತ್ರಿಯೇ ಬೈಬಲ್ ತೆರೆದು ಕುರ್ಚಿಯ ಮೇಲೆ ಇಟ್ಟಿರುತ್ತೇನೆ, ಕೂರಬೇಕಾದರೆ ಅದನ್ನು ಎತ್ತಲೇಬೇಕು.

ಅದೂ ಆಗದಿದ್ದರೆ ಜ್ಞಾನೋಕ್ತಿಗಳು. ಸರಿಯಾಗಿ 31 ಅಧ್ಯಾಯ, ಇವತ್ತಿನ ತಾರೀಖು ಯಾವುದೋ ಅದೇ ಅಧ್ಯಾಯ. ನಿನ್ನೆ ತಪ್ಪಿತೋ, ಬಿಡಿ, ಮುಂದಿನ ತಿಂಗಳು ಮತ್ತೆ ಬರುತ್ತದೆ. ಮೊದಲ ಒಂಬತ್ತು ಅಧ್ಯಾಯ ಸ್ವಲ್ಪ ಒಂದಕ್ಕೊಂದು ಸೇರಿಕೊಂಡಿವೆ, 10ರಿಂದ ಮುಂದೆ ಹೆಚ್ಚಿನವು ಬಿಡಿ ಮಾತುಗಳೇ.

ಹಗಲಿಡೀ ಓಟ:

ಕುರ್ಚಿಯ ಉಪಾಯ ನಿನ್ನೆ ರಾತ್ರಿ ಮಾಡಿದೆ. ಕೆಂಪು ದಾರವನ್ನು ಯಾಜಕಕಾಂಡದಿಂದ ಎಳೆದು ತೆಗೆದೆ, ಆ ಕುಷ್ಠದ ಪುಟಕ್ಕೂ ಮುಕ್ತಿ ಸಿಕ್ಕಿತು. ಇವತ್ತು 19, ಹಾಗಾಗಿ ಜ್ಞಾನೋಕ್ತಿ 19. ಎರಡನೇ ವಚನದಲ್ಲೇ ಅವಸರದ ಕಾಲು ದಾರಿ ತಪ್ಪುತ್ತದೆ ಅಂತ ಇದೆ, ನಾನು ಇಲ್ಲಿ ಇಟ್ಟುಕೊಂಡ ಹೆಸರು ನೋಡಿ ನನಗೇ ನಗು ಬಂತು. ಒಟ್ಟು 29 ವಚನ. ಏಳಕ್ಕೆ ಬರುವಷ್ಟರಲ್ಲಿ ಮಗ ಶೂ ಸಿಗುತ್ತಿಲ್ಲ ಅಂತ ವಾಪಸ್ ಬಂದ. ಚುಕ್ಕೆ ಇಟ್ಟು ಎದ್ದೆ. ನಾಳೆ 20.