ಹಲ್ಲಿನ ಕ್ಲಿನಿಕ್‌ನಲ್ಲಿ ರಕ್ತ ಚೆಲ್ಲಿದರೆ ನೀವು ಏನು ಮಾಡುತ್ತೀರಿ? ಅನುಭವ ಹೇಳಿ

ಕೇಳಿದವರು

ಎಲ್ಲರಿಗೂ ನಮಸ್ಕಾರ. ಬೇರೆಯವರ ಕ್ಲಿನಿಕ್‌ನಲ್ಲಿ ಕೆಲಸ ಮಾಡಿಕೊಂಡಿದ್ದವಳು ಈಗ ಸ್ವಂತದ್ದು ತೆರೆಯುತ್ತಿದ್ದೇನೆ. ಒಂದೇ ಚೇರ್. ನಾನು, ಒಬ್ಬ ಸಹಾಯಕಿ, ಸಂಜೆ ಬಂದು ನೆಲ ಒರೆಸುವವರೊಬ್ಬರು, ಇಷ್ಟೇ ಜನ. ಉಪಕರಣ ತೊಳೆಯುವುದು, ಆಟೊಕ್ಲೇವ್ ಮಾಡುವುದು (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವುದು), ಇದಕ್ಕೆಲ್ಲ ಕ್ರಮ ಬರೆದಿಟ್ಟಾಯಿತು. ಆದರೆ ಹಲ್ಲು ಕಿತ್ತ ಮೇಲೆ ರಕ್ತ ನೆಲಕ್ಕೋ ಚೇರ್ ಮೇಲೋ ಬಿದ್ದರೆ ಏನು ಮಾಡಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೊದಲು ಬ್ಲೀಚ್ ಸುರಿಯಿರಿ ಅಂತ ಒಬ್ಬರು, ಒರೆಸಿದ ಮೇಲೆ ಹಾಕಿ ಅಂತ ಇನ್ನೊಬ್ಬರು, ಸ್ಪಿರಿಟ್ ಸಾಕು ಅಂತ ಮತ್ತೊಬ್ಬರು. ನಿಮ್ಮಲ್ಲಿ ನಿಜವಾಗಿ ಏನು ಮಾಡುತ್ತೀರಿ, ಯಾಕೆ ಹಾಗೆ, ಎರಡನ್ನೂ ಹೇಳಿದರೆ ಉಪಕಾರ.

ಹಿರಿಯ ದಂತವೈದ್ಯೆ

ಮೇಡಂ, ಸ್ಪಿರಿಟ್ ಮೊದಲು ಬಿಟ್ಟುಬಿಡಿ. ಅದು ಬೇಗ ಆರಿಹೋಗುತ್ತದೆ, ರಕ್ತದ ಪ್ರೋಟೀನನ್ನು ಗಟ್ಟಿ ಮಾಡಿ ಅಲ್ಲೇ ಅಂಟಿಸಿಬಿಡುತ್ತದೆ, ಸ್ವಚ್ಛವೂ ಆಗುವುದಿಲ್ಲ.

ಇನ್ನು ಒರೆಸುವುದು ಮೊದಲಾ, ಬ್ಲೀಚ್ ಮೊದಲಾ ಅನ್ನುವ ಜಗಳ. ಎಷ್ಟು ಚೆಲ್ಲಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸುಮಾರು 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು, ಅದು ಗಡಿ ಅಂತ ಇಟ್ಟುಕೊಳ್ಳಿ. ನಮ್ಮ ಕೆಲಸದಲ್ಲಿ ಬೀಳುವುದು ಹೆಚ್ಚಾಗಿ ಅದಕ್ಕಿಂತ ಕಡಿಮೆ, ಹನಿಗಳು, ಎಂಜಲು ಬೆರೆತ ರಕ್ತ. ಅಂಥದ್ದನ್ನು ಮೊದಲು ಟಿಶ್ಯೂನಲ್ಲಿ ಹೀರಿಸಿ ತೆಗೆಯಿರಿ. ಒರೆಸುವಾಗ ಹೊರಗಿನಿಂದ ಒಳಕ್ಕೆ ಬನ್ನಿ, ಇಲ್ಲದಿದ್ದರೆ ಒಂದು ಹನಿಯನ್ನು ಒಂದು ಚದರ ಅಡಿಗೆ ಹರಡಿದ ಹಾಗಾಗುತ್ತದೆ. ಆಮೇಲೆ ಸೋಪಿನ ನೀರಲ್ಲಿ ತೊಳೆಯಿರಿ. ಕೊನೆಗೆ ಬ್ಲೀಚ್ ನೀರು. ಈ ಸರದಿಗೆ ಕಾರಣ ಇದೆ. ಬ್ಲೀಚ್‌ನಲ್ಲಿರುವ ಕ್ಲೋರಿನ್ ರಕ್ತದ ಪ್ರೋಟೀನ್ ಜೊತೆಗೇ ಸೇರಿ ಖರ್ಚಾಗಿಹೋಗುತ್ತದೆ, ವೈರಸ್ ಕೊಲ್ಲಲು ಉಳಿಯುವುದೇ ಕಡಿಮೆ. ರಕ್ತ ಕಾಣುತ್ತಿರುವಾಗ ತೆಳು ಬ್ಲೀಚ್ ಹಾಕಿದರೆ ಸುಮ್ನೆ ವಾಸನೆ ಬರುತ್ತದೆ, ಅಷ್ಟೆ.

ಜಾಸ್ತಿ ಚೆಲ್ಲಿದ್ದರೆ ಬೇರೆ ಲೆಕ್ಕ. ಅಷ್ಟನ್ನು ಒರೆಸಲು ಹೋದರೆ ಕೈಗೆ ಬಟ್ಟೆಗೆಲ್ಲ ಆಗುವ ಭಯ ಇರುತ್ತದೆ. ಮೊದಲು ಟಿಶ್ಯೂ ಪೂರ್ತಿ ಹೊದಿಸಿ, ಅದರ ಮೇಲೆ ಗಟ್ಟಿ ಬ್ಲೀಚ್ ನೀರನ್ನು ಅಂಚಿನಿಂದ ನಿಧಾನಕ್ಕೆ ಸುರಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಎಲ್ಲ ಮಡಚಿ ಸೋಂಕಿನ ಕಸದ ಚೀಲಕ್ಕೆ ಹಾಕಿ. ಕೆಲಸ ಅಲ್ಲಿಗೆ ಮುಗಿಯಲಿಲ್ಲ, ಮತ್ತೆ ಸೋಪಿನ ನೀರು, ಮತ್ತೆ ಬ್ಲೀಚ್.

ಅಳತೆ: ಮನೆಬಳಕೆಯ ಬ್ಲೀಚ್‌ನಲ್ಲಿ ಸಾಮಾನ್ಯವಾಗಿ ಶೇ. 5ರ ಆಸುಪಾಸು ಹೈಪೋಕ್ಲೋರೈಟ್ (ಕ್ರಿಮಿ ಕೊಲ್ಲುವ ಕ್ಲೋರಿನ್ ಅಂಶ) ಇರುತ್ತದೆ, ಆದರೂ ಬಾಟಲಿ ಮೇಲಿನ ಅಂಕಿ ಓದಿಯೇ ಬೆರೆಸಿ. ಅದರ 1 ಭಾಗಕ್ಕೆ 9 ಭಾಗ ನೀರು ಸೇರಿಸಿದರೆ ಶೇ. 0.5 ಆಗುತ್ತದೆ, ಇದು ಜಾಸ್ತಿ ಚೆಲ್ಲಿದ್ದಕ್ಕೆ. ಒರೆಸಿ ತೊಳೆದ ನುಣುಪು ನೆಲಕ್ಕೆ 1 ಭಾಗಕ್ಕೆ 99 ಭಾಗ ನೀರು ಸಾಕು ಅನ್ನುವ ಮಾರ್ಗಸೂಚಿಗಳಿವೆ. ರಕ್ತ ಅಂದರೆ ಶೇ. 1ರದ್ದೇ ಬೇಕು, ಅಂದರೆ 1 ಭಾಗಕ್ಕೆ 4 ಭಾಗ ನೀರು, ಅನ್ನುವ ಕಡೆಗಳೂ ಇವೆ. ನಿಮ್ಮಲ್ಲಿ ಯಾವ ನಿಯಮ ಇದೆಯೋ ಅದನ್ನೇ ಗೋಡೆ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ಹಾಕಿದ ಕೂಡಲೇ ಒರೆಸಿಬಿಡುವುದು ನಾನು ಎಲ್ಲ ಕಡೆ ನೋಡುವ ತಪ್ಪು. ಮುಂದಿನ ರೋಗಿ ಹೊರಗೆ ಕೂತಿದ್ದಾರೆ ಅಂತ ಆ ಹತ್ತು ನಿಮಿಷವನ್ನು ಕತ್ತರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಚೇರ್ ಪಕ್ಕದ ಸಹಾಯಕಿ

ಡಾಕ್ಟರ್ ಹೇಳಿದ್ದೆಲ್ಲ ಸರಿ. ನಾನು ಕೈಯಲ್ಲಿ ಮಾಡುವವಳು, ಆ ಕಡೆಯಿಂದ ಹೇಳುತ್ತೇನೆ.

ರಕ್ತ ಬಿದ್ದ ಕೂಡಲೇ ಎಲ್ಲರೂ ನೆಲ ನೋಡುತ್ತಾರೆ. ಮೊದಲು ರೋಗಿಯನ್ನು ಕೂರಿಸಿ, ಹತ್ತಿ ಕಚ್ಚಿಸಿ. ಆ ಜಾಗದಲ್ಲಿ ಯಾರೂ ಓಡಾಡದ ಹಾಗೆ ಒಂದು ಸ್ಟೂಲ್ ಅಡ್ಡ ಇಡಿ, ಚಪ್ಪಲಿಗೆ ಅಂಟಿ ಬಾಗಿಲವರೆಗೂ ಹೋಗುವುದು ತಪ್ಪುತ್ತದೆ.

ಸಾಮಾನೆಲ್ಲ ಒಂದೇ ಮುಚ್ಚಳದ ಬಕೆಟ್‌ನಲ್ಲಿ ಇರಲಿ. ದಪ್ಪ ರಬ್ಬರ್ ಗ್ಲೌಸ್ (ಚಿಕಿತ್ಸೆಗೆ ಹಾಕುವ ತೆಳು ಗ್ಲೌಸ್ ಇದಕ್ಕೆ ಸಾಲದು, ಬೇಗ ಹರಿಯುತ್ತದೆ), ಮಾಸ್ಕ್, ಕನ್ನಡಕ, ಪ್ಲಾಸ್ಟಿಕ್ ಏಪ್ರನ್, ಟಿಶ್ಯೂ, ಕಸದ ಚೀಲ, ಒಂದು ಇಕ್ಕಳ. ಇಕ್ಕಳ ಯಾಕೆ ಅಂದರೆ ಆ ರಕ್ತದಲ್ಲಿ ಅರಿವಳಿಕೆ ಔಷಧಿ ತುಂಬಿದ ಕಾರ್ಟ್ರಿಜ್‌ನ (ಚಿಕ್ಕ ಕೊಳವೆಯ) ಗಾಜಿನ ಚೂರೋ ಸೂಜಿಯೋ ಇರಬಹುದು. ಕೈಯಲ್ಲಿ ಮುಟ್ಟಲೇಬೇಡಿ, ಇಕ್ಕಳದಲ್ಲಿ ಎತ್ತಿ ನೇರ ಶಾರ್ಪ್ಸ್ ಡಬ್ಬಕ್ಕೆ, ಅಂದರೆ ಚೂಪಾದ ಕಸ ಹಾಕುವ ಗಟ್ಟಿ ಡಬ್ಬಕ್ಕೆ. ಆ ಡಬ್ಬ ಮುಕ್ಕಾಲು ತುಂಬಿದ ಮೇಲೆ ಮುಚ್ಚಿ ಬದಲಾಯಿಸಬೇಕು, ಒತ್ತಿ ತುರುಕಬಾರದು.

ಸ್ಪ್ರೇ ಬಾಟಲಿ ರಕ್ತದ ಮೇಲೆ ಹೊಡೆಯಬೇಡಿ. ಸಿಡಿದು ಮುಖಕ್ಕೇ ಬರುತ್ತದೆ. ಸುರಿಯಿರಿ ಅಥವಾ ಬಟ್ಟೆಯಲ್ಲಿ ಹಾಕಿ ಒರೆಸಿ.

ಚೇರ್‌ಗೆ ಬ್ಲೀಚ್ ಬೇಡ. ರೆಕ್ಸಿನ್ ಬಿರುಕು ಬಿಡುತ್ತದೆ, ಕೆಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಿರುಕಿನೊಳಗೆ ರಕ್ತ ಹೋದರೆ ಯಾವ ಔಷಧಿಯೂ ಮುಟ್ಟುವುದಿಲ್ಲ. ಚೇರ್ ತಯಾರಿಸಿದವರು ಒಪ್ಪುವ, ರಕ್ತಕ್ಕೆ ಆಗುತ್ತದೆ ಅಂತ ಲೇಬಲ್‌ನಲ್ಲಿ ಬರೆದಿರುವ ಒರೆಸುವ ಔಷಧಿ ಇಟ್ಟುಕೊಳ್ಳಿ. ಲೈಟ್ ಹಿಡಿ, ಚೇರ್ ಸ್ವಿಚ್ ಇವಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಪ್ರತಿ ರೋಗಿಗೆ ಬದಲಾಯಿಸಿದರೆ ಅರ್ಧ ಕೆಲಸ ಉಳಿಯುತ್ತದೆ.

ಇನ್ನೊಂದು, ಉಳಿದ ಬ್ಲೀಚ್ ನೀರನ್ನು ಸಕ್ಷನ್ ಪೈಪಿಗೆ (ಬಾಯಿಯ ಎಂಜಲು, ರಕ್ತ ಹೀರುವ ಪೈಪಿಗೆ) ಎಳೆಸುವ ಅಭ್ಯಾಸ ಕೆಲವು ಕಡೆ ಇದೆ. ಪೈಪಿನಲ್ಲಿ ಅಮಾಲ್ಗಮ್ (ಹಲ್ಲಿಗೆ ತುಂಬುವ, ಪಾದರಸ ಬೆರೆತ ಬೆಳ್ಳಿ ಬಣ್ಣದ ಲೋಹ) ಪುಡಿ ಕೂತಿರುತ್ತದೆ, ಕ್ಲೋರಿನ್ ತಾಗಿದರೆ ಅದರ ಪಾದರಸ ಕರಗಿ ಚರಂಡಿಗೆ ಹೋಗುತ್ತದೆ. ಸಕ್ಷನ್‌ಗೆ ಅದರದ್ದೇ ದ್ರಾವಣ ಬೇರೆ ಬರುತ್ತದೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ಬ್ಲೀಚ್ ನೀರು ಒಂದೇ ಸಲ ಬೆರೆಸಿ ವಾರಕ್ಕೆ ಇಟ್ಟುಕೊಳ್ಳಬಹುದಾ? ಮತ್ತೆ ಒರೆಸುವಾಗ ಯಾರಿಗಾದರೂ ಚುಚ್ಚಿದರೆ ಏನು ಮಾಡಬೇಕು?

ಸೋಂಕು ತಡೆ ನೋಡಿಕೊಳ್ಳುವ ನರ್ಸ್

ವಾರಕ್ಕೆ ಇಡಬೇಡಿ. ಬೆರೆಸಿದ ಬ್ಲೀಚ್ ಬೆಳಕಿಗೆ, ಬಿಸಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ದಿನಾ ಹೊಸದಾಗಿ, ತಣ್ಣೀರಲ್ಲಿ, ಬೆಳಕು ತೂರದ ಬಾಟಲಿಯಲ್ಲಿ ಬೆರೆಸಿ ಮೇಲೆ ತಾರೀಕು ಬರೆಯಿರಿ. ಚಿಕ್ಕ ಕ್ಲಿನಿಕ್‌ಗೆ ಕ್ಲೋರಿನ್ ಮಾತ್ರೆಗಳು ಒಳ್ಳೆಯದು, ಬೇಕಾದಾಗ ಬೇಕಾದಷ್ಟು ಕರಗಿಸಬಹುದು. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಮಾತ್ರ ಎಂದೂ ಸೇರಿಸಬಾರದು, ವಿಷದ ಗಾಳಿ ಬರುತ್ತದೆ. ರೋಗಿ ತಲೆಸುತ್ತಿ ಬಿದ್ದು ರಕ್ತದ ಜೊತೆ ಮೂತ್ರವೂ ಆಗಿದ್ದರೆ ಅದರ ಮೇಲೆ ನೇರ ಕ್ಲೋರಿನ್ ಹಾಕಬೇಡಿ, ಹೀರಿಸಿ ತೊಳೆದ ಮೇಲೆಯೇ ಹಾಕಿ. ಕಿಟಕಿ ತೆರೆದಿರಲಿ.

ಚುಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಬೇಕು. ಹಿಂಡಬಾರದು, ಗಾಯಕ್ಕೆ ಬ್ಲೀಚ್ ಹಾಕಬಾರದು. ಕಣ್ಣಿಗೆ ಸಿಡಿದರೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಬೇಕು. ಕೂಡಲೇ ಡಾಕ್ಟರ್ ಹತ್ತಿರ ಹೋಗಬೇಕು, ನಾಳೆ ನೋಡೋಣ ಅನ್ನಬಾರದು. ಎಚ್‌ಐವಿ ತಡೆಯುವ ಔಷಧಿ ಬೇಕೆಂದರೆ ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಗೊಳ್ಳಬೇಕು. ರೋಗಿ ಇನ್ನೂ ಕ್ಲಿನಿಕ್‌ನಲ್ಲಿದ್ದರೆ ಅವರ ಒಪ್ಪಿಗೆ ಕೇಳಿ ರಕ್ತಪರೀಕ್ಷೆ ಮಾಡಿಸಿ.

ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ. ಆದರೆ ಸೋಂಕಿತರ ರಕ್ತದ ಸೂಜಿ ಚುಚ್ಚಿದರೆ ಅದು ಅಂಟುವ ಸಾಧ್ಯತೆ ಸುಮಾರು ಶೇ. 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಅಂಟುವುದು ಶೇ. 6ರಿಂದ 30ರವರೆಗೆ. ಅದರ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಚೇರ್ ಕೆಳಗೆ ಯಾರೂ ನೋಡದ ಒಂದು ಕಂದು ಕಲೆ, ಅದನ್ನು ಉಜ್ಜುವವರು ಸಂಜೆ ಬರುವವರು, ಅಲ್ವಾ? ಡಾಕ್ಟರ್‌ಗೆ ಲಸಿಕೆ ಆಗಿರುತ್ತದೆ, ಸಹಾಯಕಿಗೂ ಆಗಿರಬಹುದು, ನೆಲ ಒರೆಸುವವರನ್ನು ಯಾರೂ ಕೇಳುವುದೇ ಇಲ್ಲ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಕ್ಲಿನಿಕ್ ತೆರೆಯುವ ಮುಂಚೆ ಅವರಿಗೂ ನಿಮ್ಮದೇ ಖರ್ಚಿನಲ್ಲಿ ಮೂರು ಡೋಸ್ ಶುರು ಮಾಡಿಸಿ: ಇವತ್ತು, 1 ತಿಂಗಳಿಗೆ, 6 ತಿಂಗಳಿಗೆ. ಕೊನೆ ಡೋಸ್ ಆಗಿ ಒಂದೆರಡು ತಿಂಗಳಿಗೆ ಪ್ರತಿಕಾಯ ಪರೀಕ್ಷೆ ಮಾಡಿಸಿ, ವರದಿಯಲ್ಲಿ 10 mIU/ml ಅಥವಾ ಹೆಚ್ಚು ಬಂದರೆ ರಕ್ಷಣೆ ಇದೆ ಅಂತ. ಅಲ್ಲಿಯವರೆಗೆ ರಕ್ತದ ಕೆಲಸ ಅವರಿಗೆ ಹೇಳಬೇಡಿ, ಹಗಲಲ್ಲೇ ನೀವು ಮುಗಿಸಿ.

ಯಾರ ರಕ್ತ ಅಂತ ನೋಡಿ ಕ್ರಮ ಬದಲಾಯಿಸಬೇಡಿ. ತನಗೆ ಸೋಂಕಿದೆ ಅಂತ ಗೊತ್ತೇ ಇಲ್ಲದವರೂ ಚೇರ್ ಮೇಲೆ ಕೂರುತ್ತಾರೆ.

ಚೇರ್ ಪಕ್ಕದ ಸಹಾಯಕಿ

ಒಂದು ಮಾತು ಬಿಟ್ಟುಹೋಗಿತ್ತು. ತೆರೆಯುವ ಮೊದಲು ಒಂದು ದಿನ ಕೆಂಪು ಬಣ್ಣದ ನೀರು ಚೆಲ್ಲಿ ಮೂವರೂ ಅಭ್ಯಾಸ ಮಾಡಿ. ಒರೆಸಿ ಮುಗಿಸಿದ ಮೇಲೆ ಟಾರ್ಚ್ ಹಾಕಿ ಚೇರ್‌ನ ಫುಟ್ ಕಂಟ್ರೋಲ್ ಎತ್ತಿ ನೋಡಿ, ಅದರ ಅಡಿಯಲ್ಲಿ ಬಣ್ಣ ಉಳಿದಿರುತ್ತದೆ. ಆ ಜಾಗದ ಹೆಸರನ್ನೂ ನಿಮ್ಮ ಗೋಡೆ ಪಟ್ಟಿಗೆ ಸೇರಿಸಿ.