ಐವತ್ತು ದಾಟಿದರೆ ಸ್ಟೇರಿಂಗ್ ನಡುಗುತ್ತದೆ: ಪಿಕಪ್ ಎತ್ತರಿಸಿದ ಮೇಲೆ ಶುರುವಾದ ಕಾಟ

ಮುಂಡರಗಿ_ಪಿಕಪ್ · ಭಾನುವಾರ, ರಾತ್ರಿ 10.40

ಹತ್ತು ದಿನಗಳಿಂದ ತಲೆ ಕೆಟ್ಟುಹೋಗಿದೆ. ಗಾಡಿ ಐವತ್ತರ ಮೇಲಿದ್ದಾಗ ಸಣ್ಣದೊಂದು ತಗ್ಗಿಗೆ ಬಿದ್ದರೂ ಸಾಕು, ಸ್ಟೇರಿಂಗ್ ಹುಚ್ಚು ಹಿಡಿದಂತೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತದೆ. ಎಷ್ಟು ಬಿಗಿಯಾಗಿ ಹಿಡಿದರೂ ನಿಲ್ಲುವುದಿಲ್ಲ. ವೇಗ ಇಪ್ಪತ್ತಕ್ಕೆ ಇಳಿದ ಮೇಲೆಯೇ ಸುಮ್ಮನಾಗುವುದು. ಮೊನ್ನೆ ಗದಗದಿಂದ ಹುಬ್ಬಳ್ಳಿಗೆ ಬರುವಾಗ ಅಣ್ಣಿಗೇರಿ ದಾಟಿದ ಮೇಲೆ ಹೀಗಾಯಿತು. ಹಿಂದೆ ಲಾರಿ, ಪಕ್ಕದಲ್ಲಿ ಹೆಂಡತಿ. ಲಾರಿಯವನು ಬೈದದ್ದು ಕೇಳಿಸಲಿಲ್ಲ, ಹೆಂಡತಿ ಬೈದದ್ದು ಇನ್ನೂ ಕೇಳಿಸುತ್ತಿದೆ.

ಗಾಡಿ ಹಳೆಯ ಪಿಕಪ್, ಎಲ್ಲರಿಗೂ ಗೊತ್ತಿರುವಂಥದ್ದೇ. ಹೊಲದ ದಾರಿಗೆ, ಹಳ್ಳ ದಾಟುವುದಕ್ಕೆ ಬೇಕೆಂದು ಸಸ್ಪೆನ್ಶನ್ ಗಟ್ಟಿ ಮಾಡಿಸಿದ್ದೇನೆ. ಮೊದಲು ಈ ತೊಂದರೆ ಇರಲಿಲ್ಲ. ಕೆಲಸ ಮಾಡಿದ ಗ್ಯಾರೇಜಿನವರನ್ನು ಕೇಳಿದರೆ "ಹೊಸದಲ್ಲವೇ, ಓಡುತ್ತ ಓಡುತ್ತ ಸರಿಹೋಗುತ್ತದೆ" ಎನ್ನುತ್ತಾರೆ. ಕಾಲಿಗೆ ಹೊಂದಿಕೊಳ್ಳಲು ಇದೇನು ಚಪ್ಪಲಿಯೇ? ಬಲ್ಲವರು ಹೇಳಿ.

ಬ್ಯಾಲೆನ್ಸ್_ಹುಬ್ಬಳ್ಳಿ · ರಾತ್ರಿ 10.52

ಟೈರ್ ಬ್ಯಾಲೆನ್ಸಿಂಗ್. ಬೇರೆ ಯೋಚನೆಯೇ ಬೇಡ. ನನ್ನ ಗಾಡಿಯಲ್ಲೂ ಇದೇ ಆಗಿತ್ತು. ಗೋಕುಲ ರಸ್ತೆಯಲ್ಲಿ ಒಂದು ಗಂಟೆ ನಿಲ್ಲಿಸಿ ನಾಲ್ಕೂ ಗಾಲಿಗೆ ಸೀಸ ಹೊಡೆಸಿದೆ, ಈಗ ನೂರರಲ್ಲೂ ಅಲುಗುವುದಿಲ್ಲ.

ಕಲಘಟಗಿ_ಕೆಸರು · ರಾತ್ರಿ 11.15

ಯಾವ ವರ್ಷದ ಗಾಡಿ, ಮುಂದೆ ಸುರುಳಿಯ ಕಾಯಿಲ್ ಸ್ಪ್ರಿಂಗೋ, ಉಕ್ಕಿನ ಪ್ಲೇಟು ಒಂದರ ಮೇಲೊಂದು ಜೋಡಿಸಿದ ಕಮಾನೋ, ಟೈರ್ ಅಳತೆ ಎಷ್ಟು, "ಗಟ್ಟಿ ಮಾಡಿಸಿದ್ದೇನೆ" ಎಂದರೆ ಏನೇನು ಮಾಡಿಸಿದ್ದೀರಿ? ಒಂದನ್ನೂ ಬರೆದಿಲ್ಲ. ಡಾಕ್ಟರ ಮುಂದೆ ಹೋಗಿ "ನೋವಿದೆ" ಎಂದಷ್ಟೇ ಹೇಳಿ ಸುಮ್ಮನೆ ಕುಳಿತ ಹಾಗಾಯಿತು.

ಮುಂಡರಗಿ_ಪಿಕಪ್ · ಸೋಮವಾರ, ಬೆಳಿಗ್ಗೆ 7.05

ಕ್ಷಮಿಸಿ ಸರ್. 2002ರ ಗಾಡಿ, ಜೀಪಿನ ತಳದ್ದು, ಫೋರ್ ವ್ಹೀಲ್. ಮುಂದೆ ಹಿಂದೆ ಎರಡೂ ಕಡೆ ಕಮಾನು. ಪವರ್ ಸ್ಟೇರಿಂಗ್ ಇಲ್ಲ. ಹಿಂದೆ ಏಳು ಪ್ಲೇಟು ಇದ್ದವು, ಈಗ ಒಂಬತ್ತು. ಸೇರಿಸಿದ ಎರಡು ಪ್ಲೇಟು ಗುಜರಿಯಿಂದ ತಂದ ಲಾರಿಯವು, ಕತ್ತರಿಸಿ ಹಾಕಿದ್ದಾರೆ. ಮುಂದೆ ಒಂದು ಪ್ಲೇಟು ಜಾಸ್ತಿ. ಶಾಕ್ ಅಬ್ಸಾರ್ಬರ್ ನಾಲ್ಕೂ ಹೊಸವು. ಹಿಂದಿನ ಕಮಾನು ಹಿಡಿಯುವ ಹ್ಯಾಂಗರ್ ಹತ್ತಿರ ಚಾಸಿಗೆ ಒಂದು ಪಟ್ಟಿ ವೆಲ್ಡಿಂಗ್ ಆಗಿದೆ. ಇಷ್ಟೇ.

ಹಾವೇರಿ_ಹಮ್ಮೀರ · ಬೆಳಿಗ್ಗೆ 9.30

ಒಂಬತ್ತೇ? ನನ್ನದರಲ್ಲಿ ಹನ್ನೊಂದು ಪ್ಲೇಟು ಇದೆ. ಮುಂದೆ ವಿಂಚ್, ಮೇಲೆ ಆರು ದೀಪ, ಮೂವತ್ತೊಂದು ಇಂಚಿನ ಟೈರು. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಕತ್ತಿನ ತನಕ ತುಂಬಿಕೊಂಡು ಹೋಗುತ್ತೇನೆ, ಒಂದು ಇಂಚೂ ಕೂರುವುದಿಲ್ಲ.

ಕಲಘಟಗಿ_ಕೆಸರು · ಬೆಳಿಗ್ಗೆ 9.48

ಒಣ ಮೆಣಸಿನಕಾಯಿ ಜಾಗ ತಿನ್ನುತ್ತದೆ, ತೂಕ ಎಲ್ಲಿದೆ ಅಣ್ಣಾ? ಅದಕ್ಕೆ ಹನ್ನೊಂದು ಪ್ಲೇಟು ಹಾಕಿದರೆ ಕೂರುವುದಾದರೂ ಹೇಗೆ?

ಮುಂಡರಗಿಯವರಿಗೆ: ಪ್ಲೇಟು ಎಷ್ಟು ಎನ್ನುವುದಕ್ಕಿಂತ ದಪ್ಪ ಎಷ್ಟು ಎನ್ನುವುದು ಮುಖ್ಯ. ಬಿಗಿ ಏರುವುದು ದಪ್ಪದ ಘನದ ಲೆಕ್ಕದಲ್ಲಿ. ನಿಮ್ಮ ಹಳೆಯ ಪ್ಲೇಟು ಎಂಟು ಮಿಲಿಮೀಟರ್, ಲಾರಿಯದ್ದು ಹತ್ತು ಎಂದುಕೊಳ್ಳಿ. ಆಗ ಆ ಒಂದೇ ಪ್ಲೇಟು ಹೆಚ್ಚುಕಡಿಮೆ ಎರಡು ಹಳೆಯ ಪ್ಲೇಟಿನ ಕೆಲಸ ಮಾಡುತ್ತದೆ. ಎರಡು ಸೇರಿಸಿದ್ದೇನೆ ಎಂದು ನೀವು ತಿಳಿದಿದ್ದೀರಿ, ಲೆಕ್ಕದಲ್ಲಿ ನಾಲ್ಕು ಸೇರಿವೆ. ಹಿಂಭಾಗ ಒಂದೂವರೆ ಪಟ್ಟು ಬಿಗಿಯಾಗಿದೆ. ಖಾಲಿ ಗಾಡಿ ಕಲ್ಲಿನ ಮೇಲೆ ಕುಪ್ಪಳಿಸುತ್ತದೆಯೇ ಹೊರತು ಗಾಲಿ ನೆಲ ಕಚ್ಚುವುದಿಲ್ಲ. ಕಚ್ಚಾ ದಾರಿಗೆ ಬೇಕಾದದ್ದು ಬಾಗುವ ಕಮಾನು, ಬಗ್ಗದ ಕಮಾನಲ್ಲ.

ಬ್ಯಾಲೆನ್ಸ್_ಹುಬ್ಬಳ್ಳಿ · ಬೆಳಿಗ್ಗೆ 10.02

ಗಣಿತ ಚೆನ್ನಾಗಿದೆ. ಆದರೆ ನಡುಗುತ್ತಿರುವುದು ಮುಂದಿನ ಗಾಲಿ. ಮೊದಲು ಬ್ಯಾಲೆನ್ಸ್ ಮಾಡಿಸಲಿ.

ಮುಂಡರಗಿ_ಪಿಕಪ್ · ಮಂಗಳವಾರ, ಸಂಜೆ 6.20

ನಾಲ್ಕೂ ಗಾಲಿ ಬ್ಯಾಲೆನ್ಸ್ ಮಾಡಿಸಿದೆ. ದುಡ್ಡು ಹೋಯಿತು, ನಡುಕ ಹೋಗಲಿಲ್ಲ.

ಬ್ಯಾಲೆನ್ಸ್_ಹುಬ್ಬಳ್ಳಿ · ಸಂಜೆ 6.31

ಹಾಗಾದರೆ ಟೈರಿನ ಒಳಗೆ ತಂತಿ ಕಿತ್ತು ಉಬ್ಬಿರಬೇಕು. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ನೋಡಿ. ಅದಕ್ಕೂ ಹೋಗದಿದ್ದರೆ ಸ್ಟೆಪ್ನಿ ಹಾಕಿ ನೋಡಿ. ಟೈರೇ, ಖಂಡಿತ.

ಗಬ್ಬೂರು_ಕಾಕಾ · ರಾತ್ರಿ 9.10

ಟೈರು ಬಿಡಪ್ಪ ಸ್ವಲ್ಪ ಹೊತ್ತು. ಬ್ಯಾಲೆನ್ಸ್ ತಪ್ಪಿದ ಗಾಲಿ ನುಣುಪಾದ ರಸ್ತೆಯಲ್ಲೂ ನಡುಗುತ್ತದೆ. ಒಂದು ವೇಗಕ್ಕೆ ಶುರುವಾಗಿ, ಅದನ್ನು ದಾಟಿದರೆ ಕಡಿಮೆಯಾಗುತ್ತದೆ. ಈ ತಮ್ಮನ ಗಾಡಿ ತಗ್ಗಿಗೆ ಬಿದ್ದಾಗ ಮಾತ್ರ ಶುರು ಮಾಡಿ, ನಿಲ್ಲಿಸುವವರೆಗೂ ಬಿಡುವುದಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ.

ತಮ್ಮಾ, ಎರಡು ಪರೀಕ್ಷೆ ಮಾಡು. ಮುಂದಿನ ಗಾಲಿ ಜಾಕಿಯಲ್ಲಿ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸು. ಆಟ ಇದ್ದರೆ ಕಿಂಗ್ ಪಿನ್ (ಗಾಲಿ ಎಡಬಲ ತಿರುಗುವ ಗೂಟ) ಅಥವಾ ಗಾಲಿಯ ಬೇರಿಂಗ್. ಆಮೇಲೆ ಗಾಡಿ ನೆಲದ ಮೇಲಿರಲಿ, ಒಬ್ಬರನ್ನು ಕೂರಿಸಿ ಸ್ಟೇರಿಂಗ್ ಸ್ವಲ್ಪ ಸ್ವಲ್ಪವೇ ಎಡಬಲ ತಿರುಗಿಸಲು ಹೇಳು. ನೀನು ಕೆಳಗೆ ಮಲಗಿ ಸ್ಟೇರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡ್, ಡ್ರ್ಯಾಗ್ ಲಿಂಕ್, ಸ್ಟೇರಿಂಗ್ ಬಾಕ್ಸಿನ ಬೋಲ್ಟು, ಕಮಾನಿನ ಬುಶ್, ಒಂದೊಂದನ್ನೇ ನೋಡು. ಕೈಯಿಟ್ಟರೆ ಸಡಿಲ ಇದ್ದದ್ದು ಗೊತ್ತಾಗುತ್ತದೆ. ಮುಂದಿನ ಕಮಾನಿನ ಫೋಟೋವನ್ನು ಪಕ್ಕದಿಂದ ತೆಗೆದು ಹಾಕು.

ಮುಂಡರಗಿ_ಪಿಕಪ್ · ಬುಧವಾರ, ರಾತ್ರಿ 8.45

ಕಾಕಾ, ಕಿಂಗ್ ಪಿನ್‌ನಲ್ಲಿ ಆಟ ಇಲ್ಲ. ಟೈ ರಾಡ್ ತುದಿ ಒಂದು ಕೂದಲೆಳೆಯಷ್ಟು ಸಡಿಲ ಇತ್ತು, ಬದಲಿಸಿದೆ. ನಡುಕ ಹಾಗೆಯೇ ಇದೆ. ಗ್ಯಾರೇಜಿನವರು ಈಗ ನಡುಕ ಹೀರುವ ಸ್ಟೇರಿಂಗ್ ಡ್ಯಾಂಪರ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ? ಫೋಟೋ ಹಾಕಿದ್ದೇನೆ. ಕಪ್ಪತಗುಡ್ಡದ ಕಡೆ ಡೋಣಿಯ ಹತ್ತಿರ ತೆಗೆದದ್ದು, ಹಿಂದಿನ ಗಾಳಿಯಂತ್ರ ನೋಡಬೇಡಿ, ಕಮಾನು ನೋಡಿ.

ಎರೆಹೊಲ_ನವಲಗುಂದ · ರಾತ್ರಿ 9.00

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಗುಡ್ಡದೊಳಗೆ ಗಾಡಿ ಹತ್ತಿಸಿ ಆಡುವ ಜಾಗವಲ್ಲ. ಹಾಗೆಯೇ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಕೂಡ ಓದಿ. ಕಂಪನಿ ಕೊಟ್ಟ ರೂಪ ಬದಲಿಸಿದರೆ ಫಿಟ್‌ನೆಸ್ ಪ್ರಮಾಣಪತ್ರಕ್ಕೆ, ಅಂದರೆ ಎಫ್‌ಸಿಗೆ ಹೋದಾಗ ಉತ್ತರ ಕೊಡಬೇಕಾಗುತ್ತದೆ.

ಮುಂಡರಗಿ_ಪಿಕಪ್ · ರಾತ್ರಿ 9.06

ಸರ್, ನಾನು ನಿಂತದ್ದು ಡಾಂಬರು ರಸ್ತೆಯಲ್ಲಿ. ನಮ್ಮ ಹೊಲ ಆ ಕಡೆ ಇದೆ.

ಹಾವೇರಿ_ಹಮ್ಮೀರ · ರಾತ್ರಿ 9.11

52ನೇ ಕಲಂ ಹೇಳುವವರು ಒಮ್ಮೆ ಆರಿದ್ರಾ ಮಳೆಯಲ್ಲಿ ಎರೆ ಹೊಲಕ್ಕೆ ಬಂದು ಗಾಡಿ ಓಡಿಸಿ ತೋರಿಸಲಿ.

ಎರೆಹೊಲ_ನವಲಗುಂದ · ರಾತ್ರಿ 9.14

ನನ್ನ ಹೆಸರು ಓದಿದಿರಾ? ಬೆಣ್ಣಿಹಳ್ಳ ಬಂದರೆ ನಮ್ಮ ಓಣಿಗೇ ನೀರು. ಎರೆ ಮಣ್ಣಿನಲ್ಲಿ ಗಾಲಿಯ ಹಲ್ಲಿನ ಸಂದೆಲ್ಲ ತುಂಬಿ ಟೈರು ಉರುಳೆಯಾಗುತ್ತದೆ. ಆಗ ನಿಮ್ಮ ಹನ್ನೊಂದು ಪ್ಲೇಟೂ ಒಂದೇ, ಎತ್ತಿನ ಬಂಡಿಯೂ ಒಂದೇ. ಅಲ್ಲಿ ಟ್ರ್ಯಾಕ್ಟರ್ ಬಿಟ್ಟು ಬೇರೆ ಬಡಾಯಿ ನಡೆಯುವುದಿಲ್ಲ.

ಗಬ್ಬೂರು_ಕಾಕಾ · ರಾತ್ರಿ 9.40

ಜಗಳ ಆಮೇಲೆ ಆಡಿ. ತಮ್ಮಾ, ಫೋಟೋದಲ್ಲಿ ಕಮಾನಿನ ಮುಂದಿನ ತುದಿಗೆ ನೇತಾಡುತ್ತಿರುವ ಶಾಕಲ್, ಕಮಾನನ್ನು ಚಾಸಿಗೆ ಸೇರಿಸುವ ಆ ಕೊಂಡಿ, ಯಾರದು? ಅಷ್ಟು ಉದ್ದದ ಶಾಕಲ್ ಈ ಗಾಡಿಗೆ ಬರುವುದಿಲ್ಲ.

ಮುಂಡರಗಿ_ಪಿಕಪ್ · ರಾತ್ರಿ 9.44

ಓ, ಅದು ಎತ್ತರಕ್ಕೆ ಹಾಕಿದ್ದು. ಹಳೆಯದು ಮೂರು ಇಂಚು, ಇದು ಐದು. ಸ್ಟೇರಿಂಗಿಗೆ ಏನು ಸಂಬಂಧ ಎಂದು ಹೇಳಲಿಲ್ಲ.

ಕಲಘಟಗಿ_ಕೆಸರು · ರಾತ್ರಿ 9.45

ನಾಲ್ಕು ದಿನ ಗುಡ್ಡ ಅಗೆದೆವಲ್ಲ ಸ್ವಾಮಿ!

ಗಬ್ಬೂರು_ಕಾಕಾ · ರಾತ್ರಿ 10.20

ಸಂಬಂಧ ಅಲ್ಲಿಯೇ ಇರುವುದು. ಆಫೀಸಿನ ಗಾಲಿ ಕುರ್ಚಿ ನೋಡು. ಕುರ್ಚಿ ತಳ್ಳಿದ ಕಡೆ ಅದರ ಸಣ್ಣ ಗಾಲಿ ತಾನಾಗಿ ತಿರುಗಿ, ಹಿಂದೆ ಬಿದ್ದು ನೆಟ್ಟಗೆ ಬರುತ್ತದೆ. ತಿರುಗುವ ಗೂಟ ಮುಂದೆ, ನೆಲ ಮುಟ್ಟುವ ಜಾಗ ಹಿಂದೆ ಇರುವುದರಿಂದ ಹಾಗೆ. ಗಾಡಿಯ ಕಿಂಗ್ ಪಿನ್ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರುವುದೂ ಅದಕ್ಕೇ. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಜೀಪಿನ ತಳದ ಗಾಡಿಗೆ ಮೂರು ಡಿಗ್ರಿಯ ಆಸುಪಾಸು ಬೇಕು.

ನಿನ್ನ ಶಾಕಲ್ ಕಮಾನಿನ ಮುಂದಿನ ತುದಿಯಲ್ಲಿದೆ. ಅದನ್ನು ಎರಡು ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಒಂದೇ ಇಂಚು, ಏಕೆಂದರೆ ಹಿಂದಿನ ತುದಿ ಇದ್ದಲ್ಲೇ ಇದೆ. ಆದರೆ ಕಮಾನಿನ ಮೂಗು ಕೆಳಗಾಗುತ್ತದೆ. ಮೀಟರ್ ಉದ್ದದ ಕಮಾನಿಗೆ ಎರಡು ಇಂಚು ಎಂದರೆ ಸುಮಾರು ಮೂರು ಡಿಗ್ರಿ. ಅದರ ಜೊತೆ ಮುಂದಿನ ಎರಡೂ ಗಾಲಿ ಹೊತ್ತ ಆಕ್ಸಲ್ ಕೂಡ ಮುಂದಕ್ಕೆ ವಾಲಿತು. ಇದ್ದ ಮೂರು ಡಿಗ್ರಿ ಹೋಯಿತು, ಸೊನ್ನೆ ಉಳಿಯಿತು. ಗಾಲಿಗೆ ನೆಟ್ಟಗೆ ಬರುವ ಬುದ್ಧಿಯೇ ಇಲ್ಲವಾದ ಮೇಲೆ ಒಂದು ತಗ್ಗು ಸಿಕ್ಕರೆ ಅದು ಕುಣಿಯದೆ ಏನು ಮಾಡೀತು?

ಡ್ಯಾಂಪರ್ ಹಾಕಿಸಬೇಡ. ಅದು ಕಾಯಿಲೆ ಮುಚ್ಚುತ್ತದೆ, ಒಂದು ದಿನ ಡ್ಯಾಂಪರ್ ಸೋತಾಗ ಎರಡು ಪಟ್ಟು ಬಡ್ಡಿ ಸೇರಿಸಿ ಕೊಡುತ್ತದೆ. ಹಳೆಯ ಶಾಕಲ್ ವಾಪಸ್ ಹಾಕು. ಎತ್ತರ ಬಿಡಲಾರೆ ಎಂದರೆ ಕಮಾನಿಗೂ ಆಕ್ಸಲ್‌ಗೂ ನಡುವೆ ಮೂರು ಡಿಗ್ರಿಯ ಉಕ್ಕಿನ ಬೆಣೆ ಹಾಕಿಸು, ದಪ್ಪ ತುದಿ ಹಿಂದಕ್ಕೆ ಬರಲಿ. ಅಲ್ಯೂಮಿನಿಯಂ ಬೆಣೆ ಬೇಡ, ಜಜ್ಜಿಹೋಗುತ್ತದೆ. ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಬಿಚ್ಚಿದ್ದನ್ನೇ ಮತ್ತೆ ಹಾಕಬೇಡ, ಹೊಸದು ತೆಗೆದುಕೊ.

ಇನ್ನೊಂದು. ಫೋಟೋದಲ್ಲಿ ಬ್ರೇಕಿನ ರಬ್ಬರ್ ಪೈಪು ವೀಣೆಯ ತಂತಿಯಂತೆ ಬಿಗಿದಿದೆ. ಗಾಲಿ ತಗ್ಗಿಗೆ ಇಳಿದರೆ ಅದು ಕಿತ್ತುಬರುತ್ತದೆ. ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ಉದ್ದದ್ದು ಹಾಕಿಸು.

ಬ್ಯಾಲೆನ್ಸ್_ಹುಬ್ಬಳ್ಳಿ · ರಾತ್ರಿ 10.34

ಕ್ಯಾಸ್ಟರ್ ಇರಬಹುದು. ಆದರೂ ಟೈರ್ ಒಮ್ಮೆ ಅದಲುಬದಲು ಮಾಡಿ ನೋಡಿದ್ದರೆ ನಷ್ಟವೇನಿತ್ತು?

ಮುಂಡರಗಿ_ಪಿಕಪ್ · ಶನಿವಾರ, ಮಧ್ಯಾಹ್ನ 1.15

ಬ್ರೇಕ್ ಪೈಪು ಬದಲಿಸಿದೆ. ಹುಬ್ಬಳ್ಳಿಯಲ್ಲಿ ಅಲೈನ್‌ಮೆಂಟ್ ಚೀಟಿ ತೆಗೆಸಿದೆ: ಕ್ಯಾಸ್ಟರ್ ಎಡಕ್ಕೆ 0.2, ಬಲಕ್ಕೆ ಮೈನಸ್ 0.4. ಕಾಕಾ ಹೇಳಿದ್ದು ಸರಿಯಾಗಿಯೇ ಇತ್ತು. ಬೆಣೆ ಹಾಕಿಸಿದೆ, ದಪ್ಪ ತುದಿ ಹಿಂದಕ್ಕೆ. ಈಗ ನಡುಕ ಐವತ್ತಕ್ಕಲ್ಲ, ಮೂವತ್ತಕ್ಕೇ ಶುರು! ತಾರಿಹಾಳ ದಾಟುವುದರೊಳಗೆ ಎರಡು ಸಲ ನಿಲ್ಲಿಸಿದೆ. ಏನು ಕಾಕಾ ಇದು?

ಕಲಘಟಗಿ_ಕೆಸರು · ಮಧ್ಯಾಹ್ನ 1.40

ಮುಂಡರಗಿಯವರೇ, ನಿಮ್ಮ ಆಕ್ಸಲ್ ಕಮಾನಿನ ಕೆಳಗಿದೆಯೋ ಮೇಲಿದೆಯೋ?

ಮುಂಡರಗಿ_ಪಿಕಪ್ · ಮಧ್ಯಾಹ್ನ 1.44

ಮೇಲೆ. ಕಮಾನು ಕೆಳಗೆ ಹೋಗುತ್ತದೆ. ಜೀಪಿನಲ್ಲಿ ಹಾಗೆಯೇ ಅಲ್ಲವೇ?

ಕಲಘಟಗಿ_ಕೆಸರು · ಮಧ್ಯಾಹ್ನ 1.58

ಹಾಗಾದರೆ ಬೆಣೆ ಉಲ್ಟಾ ಆಗಿದೆ. ಕಮಾನು ಆಕ್ಸಲ್ ಮೇಲೆ ಕುಳಿತಿದ್ದರೆ ದಪ್ಪ ತುದಿ ಹಿಂದಕ್ಕೆ ಬರಬೇಕು. ಆಕ್ಸಲ್ ಕಮಾನಿನ ಮೇಲೆ ಕುಳಿತಿದ್ದರೆ ದಪ್ಪ ತುದಿ ಮುಂದಕ್ಕೆ. ಮುಂದಿನ ಅಂಚನ್ನು ಎತ್ತಿದರೆ ತಾನೇ ತಲೆ ಹಿಂದಕ್ಕೆ ವಾಲುವುದು? ಈಗ ನಿಮ್ಮದು ಮೈನಸ್ ಮೂರರ ಹತ್ತಿರ ಇರಬೇಕು. ಹಾಗೇ ಓಡಿಸಬೇಡಿ.

ಗಬ್ಬೂರು_ಕಾಕಾ · ಸಂಜೆ 5.30

ಫೋಟೋದಲ್ಲಿ ಶಾಕಲ್ ಕಂಡವನಿಗೆ ಆಕ್ಸಲ್ ಕಾಣಲಿಲ್ಲ. ಮೂವತ್ತು ವರ್ಷ ಟೆಂಪೋ, ಲಾರಿಯ ಕೆಳಗೇ ಮಲಗಿದವನು ನಾನು. ಅವುಗಳಲ್ಲಿ ಕಮಾನು ಮೇಲೆಯೇ ಇರುತ್ತದೆ, ಅದೇ ಗುಂಗಿನಲ್ಲಿ ಬರೆದೆ. ತಪ್ಪು ನನ್ನದು ತಮ್ಮಾ. ತಿರುಗಿಸಿ ಹಾಕಿಸು, ಕೂಲಿ ಹಣ ನಾನು ಕೊಡುತ್ತೇನೆ. ತಿರುಗಿಸುವಾಗ ಕಮಾನಿನ ಪ್ಲೇಟು ಜೋಡಿಸುವ ಸೆಂಟರ್ ಬೋಲ್ಟಿನ ತಲೆ ಬೆಣೆ ದಾಟಿ ಆಕ್ಸಲ್ ತೂತಿನಲ್ಲಿ ಕೂರುವಷ್ಟು ಉದ್ದ ಇದೆಯೇ ನೋಡಿಕೊ. ಇಲ್ಲದಿದ್ದರೆ ಆಕ್ಸಲ್ ಜರುಗುತ್ತದೆ. ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ಕೂಡ ನೋಡು. ಆಕ್ಸಲ್ ತಲೆ ಹಿಂದಕ್ಕೆ ಬಂದಷ್ಟೂ ಶಾಫ್ಟು ಸೇರುವ ಪಿನಿಯನ್ ಮೂಗು ಕೆಳಗೆ ಬಾಗಿ ಶಾಫ್ಟಿನ ಕೋನ ಕೆಡುತ್ತದೆ. ಅದಕ್ಕೇ ಮೊದಲೇ ಹೇಳಿದ್ದು, ಹಳೆಯ ಶಾಕಲ್ ಹಾಕು ಎಂದು.

ಮುಂಡರಗಿ_ಪಿಕಪ್ · ಮಂಗಳವಾರ, ರಾತ್ರಿ 8.10

ಕೂಲಿ ಬೇಡ ಕಾಕಾ, ಹುಬ್ಬಳ್ಳಿಗೆ ಬಂದಾಗ ಗಿರ್ಮಿಟ್, ಮಿರ್ಚಿ ಕೊಡಿಸಿ. ಬೆಣೆ ತಿರುಗಿಸಿದೆವು. ಚೀಟಿಯಲ್ಲಿ ಎಡ 2.8, ಬಲ 2.4. ಎಪ್ಪತ್ತರ ತನಕ ಓಡಿಸಿದೆ, ಬೇಕೆಂದೇ ತಗ್ಗಿಗೆ ಇಳಿಸಿದೆ, ನಡುಕ ಇಲ್ಲ. ಆದರೆ ಫೋರ್ ವ್ಹೀಲ್ ಹಾಕಿದರೆ ಶಾಫ್ಟು ಕಟಕಟ ಎನ್ನುತ್ತಿತ್ತು. ಕೊನೆಗೆ ನಿಮ್ಮ ಮಾತೇ ಕೇಳಿ ಬೆಣೆ ತೆಗೆಸಿ ಹಳೆಯ ಶಾಕಲ್ ಹಾಕಿಸಿದೆ. ಒಂದು ಇಂಚು ಎತ್ತರ ಹೋಯಿತು, ನಡುಕವೂ ಇಲ್ಲ, ಕಟಕಟವೂ ಇಲ್ಲ. ಹಿಂದಿನ ಲಾರಿ ಪ್ಲೇಟಿನಲ್ಲಿ ಒಂದನ್ನು ತೆಗೆಸಿದೆ. ಚಾಸಿಯ ವೆಲ್ಡಿಂಗ್ ಫೋಟೋ ಹಾಕಿದ್ದೇನೆ, ಅದೊಂದು ನೋಡಿ.

ಗಬ್ಬೂರು_ಕಾಕಾ · ರಾತ್ರಿ 9.25

ಪಟ್ಟಿಯ ತುದಿಯನ್ನು ನೆಟ್ಟಗೆ ಕತ್ತರಿಸಿ ಚಾಸಿಗೆ ಅಡ್ಡಲಾಗಿ ಗೆರೆ ಎಳೆದ ಹಾಗೆ ವೆಲ್ಡಿಂಗ್ ಮಾಡಿದ್ದಾರೆ. ಸೀಳು ಬಿಟ್ಟರೆ ಆ ಗೆರೆಯ ಪಕ್ಕದಲ್ಲೇ ಬಿಡುತ್ತದೆ. ಪಟ್ಟಿಯ ತುದಿ ಓರೆಯಾಗಿರಬೇಕು, ಮೇಲಿನ ಕೆಳಗಿನ ಅಂಚಿಗೆ ಅಡ್ಡ ವೆಲ್ಡಿಂಗ್ ಬರಬಾರದು. ಈಗ ಕೆದಕಲು ಹೋಗಬೇಡ. ತಂತಿ ಬ್ರಷ್ಷಿನಿಂದ ಉಜ್ಜಿ, ತೆಳುವಾಗಿ ಬಣ್ಣ ಬಳಿ. ತಿಂಗಳಿಗೊಮ್ಮೆ ನೋಡು. ಬಣ್ಣದಲ್ಲಿ ಕೂದಲಿನಂಥ ಗೆರೆ, ತುಕ್ಕಿನ ನೀರು ಕಂಡರೆ ಗಾಡಿ ನಿಲ್ಲಿಸಿ ನನಗೆ ತಿಳಿಸು. ಯು ಬೋಲ್ಟ್ ಐನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿಸು.

ಹಾವೇರಿ_ಹಮ್ಮೀರ · ರಾತ್ರಿ 9.50

ಮುಂಡರಗಿಯವರೇ, ಆ ಐದು ಇಂಚಿನ ಶಾಕಲ್ ಮಾರುತ್ತೀರಾ?