ಶಾಲೆಯ ಸುದ್ದಿ ವಾಟ್ಸಾಪ್‌ಗೆ ಹೋಗುತ್ತೆ, ಮನೆಗೆ ಮುಟ್ಟೋದಿಲ್ಲ. ನಿಮ್ಮೂರಲ್ಲಿ ಹೇಗೆ ತಿಳಿಸ್ತೀರಿ?

ನಲಿಕಲಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಐದನೇ ತರಗತಿವರೆಗೆ 58 ಮಕ್ಕಳು, ನಾವು ಇಬ್ಬರು ಶಿಕ್ಷಕರು. ಮೂರನೇ ತರಗತಿವರೆಗಿನ ನಲಿಕಲಿ, ಅಂದರೆ ಆಡ್ತಾ ಕಲಿಯೋ ತರಗತಿ ನನ್ನದು, ಉಳಿದೆರಡು ತರಗತಿ ಮತ್ತು ಕಚೇರಿ ಕೆಲಸ ಹೆಡ್‌ಮಾಸ್ತರದು. ಮನೆಗಳಿಗೆ ಸುದ್ದಿ ಮುಟ್ಟಿಸೋ ಕೆಲಸ ಮೊದಲಿಂದಲೂ ನನ್ನ ಪಾಲಿಗೇ ಇದೆ.

ಹೋದ ವರ್ಷ ಆದ ಒಂದು ಸಂಗತಿ ಮನಸ್ಸಿನಿಂದ ಹೋಗ್ತಾನೇ ಇಲ್ಲ. ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದಲ್ಲಿ ಅರ್ಜಿ ಹಾಕೋ ಸಮಯ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಬೇಕು, ಆಧಾರ್ ಜೋಡಣೆ ಆಗಿರೋ ಬ್ಯಾಂಕ್ ಖಾತೆ ಬೇಕು. ಮೂರನೇ ತರಗತಿಯ ಒಬ್ಬ ಹುಡುಗನ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ತುಂಬಿತ್ತು, ಹೊಸದು ಮಾಡಿಸಬೇಕಿತ್ತು. ಅವನ ಅಪ್ಪ ಅವ್ವ ಇಬ್ಬರೂ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ, ಹುಡುಗ ಅಜ್ಜಿ ಹತ್ತಿರ ಇರ್ತಾನೆ. ಗ್ರೂಪಿಗೆ ಮೂರು ಸಲ ಹಾಕಿದ್ದೆ. ಅಪ್ಪ ನೋಡಿದ್ದಾರೆ ಅಂತ ನೀಲಿ ಗುರುತೂ ಬಂದಿತ್ತು. ಕೊನೇ ದಿನಾಂಕ ಕಳೆದು ನಾಲ್ಕು ದಿನಕ್ಕೆ ಅಜ್ಜಿ ಶಾಲೆ ಬಾಗಿಲಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಪ್ರಮಾಣಪತ್ರ ಕೈಗಿಟ್ಟರು. ನಾಡಕಚೇರಿಗೆ ಎರಡು ಸಲ ಹೋಗಿ ಬಂದಿದ್ದರು. "ನನಗ ಯಾರೂ ಹೇಳ್ಲಿಲ್ರೀ ಅಕ್ಕೋರ. ಗಿರಣಿಗೆ ಹೋದಾಗ ಮಂದಿ ಮಾತಾಡೂದು ಕೇಳಿದೆ, ಆವಾಗ ಗೊತ್ತಾತು" ಅಂದರು. ಅವರಿಗೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಆ ಹುಡುಗನಿಗೆ ಆ ವರ್ಷದ ವಿದ್ಯಾರ್ಥಿವೇತನ ಸಿಗಲಿಲ್ಲ.

ಆಮೇಲೆ ಕೂತು ಗ್ರೂಪಿನ ನಂಬರು ಒಂದೊಂದಾಗಿ ನೋಡಿದೆ. 46 ನಂಬರಿನಲ್ಲಿ 33 ಅಪ್ಪಂದಿರವು. ಅವರಲ್ಲಿ 19 ಜನ ಊರಲ್ಲೇ ಇಲ್ಲ, ಮಂಗಳೂರು, ಗೋವಾ, ಬೆಂಗಳೂರು ಸೇರಿದ್ದಾರೆ. ಮಗುವಿಗೆ ದಿನಾ ತಲೆ ಬಾಚಿ ಕಳಿಸೋ ಅವ್ವ, ಅಜ್ಜಿ, ದೊಡ್ಡವ್ವ ಇವರ ಹತ್ತಿರ ಇರೋದು ಬಟನ್ ಫೋನು, ಇಲ್ಲಾ ಫೋನೇ ಇಲ್ಲ.

ತಿಳಿಸಬೇಕಾದ್ದು ಮಾತ್ರ ಕಡಿಮೆ ಇಲ್ಲ. ಶನಿವಾರ ಮುಂಜಾನೆ ಶಾಲೆ ಅನ್ನೋದನ್ನೇ ಈಗಲೂ ಕೆಲವರು ಮರೀತಾರೆ, ಮಕ್ಕಳು ಹತ್ತು ಗಂಟೆಗೆ ಬಂದು ನಿಲ್ತಾರೆ. ಜಂತುಹುಳು ಮಾತ್ರೆ ಕೊಡೋ ಹಿಂದಿನ ದಿನವೇ ಮನೆಯವರಿಗೆ ಗೊತ್ತಿರಬೇಕು, ಜ್ವರ ಬಂದ ಮಗುವಿಗೆ ಅವತ್ತು ಕೊಡೋ ಹಾಗಿಲ್ಲ. ವಾರಕ್ಕೊಂದು ಕಬ್ಬಿಣಾಂಶದ ಗುಲಾಬಿ ಮಾತ್ರೆ ತಗೊಂಡ ಮಕ್ಕಳಿಗೆ ಮಲ ಕಪ್ಪಾಗಬಹುದು. ಅದನ್ನ ಮೊದಲೇ ಹೇಳದಿದ್ದರೆ ತಾಯಂದಿರು ಹೆದರಿ ಮರುವಾರ ಮಾತ್ರೆ ಬೇಡ ಅಂತಾರೆ. ಯಾವ ಮಗುವಿಗೆ ಮೊಟ್ಟೆ, ಯಾವ ಮಗುವಿಗೆ ಬಾಳೆಹಣ್ಣು ಅಂತ ಮನೆಯಿಂದಲೇ ಕೇಳಿ ಬರೆದುಕೊಳ್ಳಬೇಕು. ಐದು ವರ್ಷ ದಾಟಿದ ಮಕ್ಕಳ ಆಧಾರ್‌ಗೆ ಬೆರಳಚ್ಚು ಕೊಡಿಸಬೇಕು, ಏಳು ತುಂಬೋದರೊಳಗೆ ಹೋದರೆ ಅದಕ್ಕೆ ದುಡ್ಡಿಲ್ಲ. ಅಪಾರ್ ಅನ್ನೋ ವಿದ್ಯಾರ್ಥಿ ಗುರುತಿನ ಸಂಖ್ಯೆಗೆ ಒಪ್ಪಿಗೆ ಪತ್ರ ಬೇರೆ.

ನನ್ನ ಪ್ರಶ್ನೆ ಇಷ್ಟೇ. ಫೋನಿಲ್ಲದ, ಓದಲು ಬಾರದ ಮನೆಯವರಿಗೆ ನಿಮ್ಮ ಶಾಲೆಯಲ್ಲಿ ಸುದ್ದಿ ಹೇಗೆ ಮುಟ್ಟಿಸ್ತೀರಿ? ನಿಜವಾಗಿ ಮಾಡಿ ನೋಡಿದ್ದನ್ನ ಹೇಳಿ, ದಯವಿಟ್ಟು.

ಡೈರಿ ಪಕ್ಕದ ಮನೆ

ಟೀಚರ್, ನಮ್ದು ಮಂಡ್ಯ ಕಡೆ. ನಮ್ಮೂರ ಶಾಲೆ ಎಸ್‌ಡಿಎಂಸಿ, ಅಂದ್ರೆ ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿ ಅಧ್ಯಕ್ಷ ಆಗಿ ಎರಡು ವರ್ಷ ಆಯ್ತು, ನನ್ನ ಮಗಳು ನಾಲ್ಕನೇ ಕ್ಲಾಸು.

ಶಾಲೆ ಗೋಡೆ ಮೇಲೆ ನೋಟಿಸ್ ಅಂಟಿಸಿದ್ರೆ ಅದನ್ನ ನೋಡೋದು ಮಕ್ಕಳು, ಮೇಷ್ಟ್ರು ಮಾತ್ರ. ಊರ ಜನ ಎಲ್ಲಿಗೆ ಬಂದೇ ಬರ್ತಾರೋ ಅಲ್ಲಿ ಹಾಕ್ಬೇಕು. ನಮ್ಮಲ್ಲಿ ಅದು ಹಾಲಿನ ಡೈರಿ. ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡ್ಕೊಂಡು ಸಾಲಲ್ಲಿ ನಿಲ್ಲೋರು ಮುಕ್ಕಾಲು ಪಾಲು ಹೆಂಗಸರು. ಫ್ಯಾಟ್ ನೋಡೋ ಮಿಷನ್ ಪಕ್ಕ ಒಂದು ಕರಿಹಲಗೆ ಹಾಕ್ಸಿದೀವಿ. ಕಾರ್ಯದರ್ಶಿಗಳು ಮೊದಲು ಹೂಂ ಅನ್ನಲಿಲ್ಲ, ಆಮೇಲೆ ಅವರ ಮೊಮ್ಮಗನೂ ಇದೇ ಶಾಲೆಗೆ ಸೇರಿದ ಮೇಲೆ ಅವರೇ ಸೀಮೆಸುಣ್ಣ ತಂದಿಟ್ರು. ಒಂದು ಸಲಕ್ಕೆ ಒಂದೇ ಸುದ್ದಿ ಬರೀತೀವಿ. ಎರಡು ಬರೆದ್ರೆ ಎರಡೂ ನೆನಪಲ್ಲಿ ಉಳಿಯಲ್ಲ. ಓದಕ್ಕೆ ಬರ್ದೇ ಇರೋರಿಗೆ ಪಕ್ಕದಲ್ಲಿ ನಿಂತೋರು ಹೇಳ್ತಾರೆ, ಸಾಲಲ್ಲಿ ಬೇರೆ ಏನು ಕೆಲಸ ಇರುತ್ತೆ. ಬಟವಾಡೆ ದಿನ ಅಂತೂ ಒಂದು ಮನೆಯೂ ತಪ್ಪಲ್ಲ, ಮುಖ್ಯವಾದ ವಿಷಯ ಆ ದಿನಕ್ಕೇ ಇಟ್ಕೋತೀವಿ.

ನಿಮ್ಮೂರಲ್ಲಿ ಡೈರಿ ಇಲ್ಲದಿದ್ರೆ ಅಂಥ ಜಾಗ ಇನ್ನೊಂದು ಇದ್ದೇ ಇರುತ್ತೆ. ಅಜ್ಜಿಗೆ ಗಿರಣಿಯಲ್ಲಿ ಗೊತ್ತಾಯ್ತು ಅಂತ ನೀವೇ ಬರೆದಿದೀರಿ.

ಇನ್ನೊಂದು ಮಾತು. ಇದು ನೀವೊಬ್ಬರೇ ಹೊರೋ ಹೊರೆ ಅಲ್ಲ. ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧ ಜನ ಹೆಂಗಸರಿರಬೇಕು. ನಮ್ಮಲ್ಲಿ ಒಬ್ಬೊಬ್ಬ ಸದಸ್ಯರಿಗೆ ಒಂದೊಂದು ಬೀದಿ. ಆ ಬೀದಿಯ ಮಗು ಮೂರು ದಿನ ಬರ್ಲಿಲ್ಲ ಅಂದ್ರೆ ವಿಚಾರಿಸ್ಕೊಂಡು ಬರೋದೂ ಅವರೇ, ಸುದ್ದಿ ಹೇಳೋದೂ ಅವರೇ. ಸಭೆಗೆ ಬಂದು ರುಜು ಹಾಕಿ ಟೀ ಕುಡಿದು ಹೋಗೋದಕ್ಕಾದ್ರೆ ಸಮಿತಿ ಯಾಕೆ ಬೇಕು?

ಎರಡು ಮಕ್ಕಳ ಅಮ್ಮ

ಮೇಡಂ, ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನನ್ನ ಮಕ್ಕಳು ಎರಡನೇ ಕ್ಲಾಸು, ಐದನೇ ಕ್ಲಾಸು. ಸುದ್ದಿ ತಗೊಳ್ಳೋರ ಕಡೆಯಿಂದ ಒಂದೆರಡು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ಶಾಲೆ ಗ್ರೂಪಿಗೆ ಮೇಲಿಂದ ಬಂದ ಸುತ್ತೋಲೆನ ಹಾಗೇ ಕಳಿಸ್ತಾರೆ. ನಾಲ್ಕು ಪುಟದ ಪಿಡಿಎಫ್. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರುವಾಗಿ "ಸೂಕ್ತ ಕ್ರಮಕ್ಕಾಗಿ" ಅಂತ ಮುಗಿಯುತ್ತೆ. ನಾನು ಎಸ್‌ಎಸ್‌ಎಲ್‌ಸಿ ಪಾಸು, ಕನ್ನಡ ಚೆನ್ನಾಗಿ ಓದ್ತೀನಿ. ಆದರೂ ನಾನೇನು ಮಾಡ್ಬೇಕು ಅಂತ ಅದರಲ್ಲಿ ಹುಡುಕಿದ್ರೆ ಸಿಗಲ್ಲ. ನಮಗೆ ಬೇಕಾಗಿರೋದು ಯಾವ ದಿನ, ಏನು ತರಬೇಕು, ಯಾರ ಕೈಗೆ ಕೊಡಬೇಕು, ಅಷ್ಟೇ.

ಲೈನಲ್ಲಿ ಕೂತಾಗ ಫೋನು ಇಟ್ಕೊಳ್ಳೋ ಹಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದ್ರೆ ಊಟದ ಅರ್ಧ ಗಂಟೆ ಬಿಟ್ಟು ಸಾಯಂಕಾಲ ಐದೂವರೆವರೆಗೆ ನನಗೆ ಏನೂ ಗೊತ್ತಾಗಲ್ಲ. ಮಧ್ಯಾಹ್ನ ಎರಡಕ್ಕೆ "ನಾಳೆ ಕಡ್ಡಾಯವಾಗಿ ತರುವುದು" ಅಂತ ಹಾಕಿದ್ರೆ ನಾನು ನೋಡೋದು ರಾತ್ರಿ ಅಡುಗೆ ಮುಗಿದ ಮೇಲೆ. ಆವಾಗ ಜೆರಾಕ್ಸ್ ಅಂಗಡಿ ಎಲ್ಲಿ ತೆಗೆದಿರುತ್ತೆ? ಪೋಷಕರ ಸಭೆ ಬುಧವಾರ ಹನ್ನೊಂದು ಗಂಟೆಗೆ ಅಂದ್ರೆ ಒಂದು ದಿನದ ಸಂಬಳ, ಅದರ ಜೊತೆ ಆ ತಿಂಗಳ ಹಾಜರಾತಿ ಬೋನಸ್ಸು ಎರಡೂ ಹೋಗುತ್ತೆ. ಅಷ್ಟಾದರೂ ನಾನು ಹೋಗಿದೀನಿ. "ಪೋಷಕರಿಗೆ ಆಸಕ್ತಿ ಇಲ್ಲ" ಅಂತ ಅಲ್ಲಿ ಮೈಕಲ್ಲಿ ಹೇಳಿದಾಗ ಕಣ್ಣಲ್ಲಿ ನೀರು ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ದಾಖಲೆ ಕೊಡದ ಮಕ್ಕಳ ಹೆಸರನ್ನ ಗ್ರೂಪಲ್ಲಿ ಹಾಕಬೇಡಿ. ಒಂದು ಸಲ ನನ್ನ ಮಗಳ ಹೆಸರು ಹಾಕಿದ್ರು, ಆಧಾರ್‌ನಲ್ಲಿ ಇರೋ ಹೆಸರಿಗೂ ಶಾಲೆಯಲ್ಲಿ ಇರೋ ಹೆಸರಿಗೂ ಒಂದಕ್ಷರ ವ್ಯತ್ಯಾಸ ಅಂತ. ಪಕ್ಕದ ಮನೆ ಹುಡುಗ ಅದನ್ನ ನೋಡಿ ಅವಳನ್ನ ಆಡ್ಕೊಂಡ. ಅವಳು ಎರಡು ದಿನ ಶಾಲೆಗೆ ಹೋಗಲ್ಲ ಅಂತ ಅತ್ಲು. ತಪ್ಪು ಕಾಗದದ್ದು, ಮಗು ಏನು ಮಾಡಿತ್ತು?

ನಲಿಕಲಿ ಅಕ್ಕೋರು

ಅಮ್ಮಾ, ನಿಮ್ಮ ಮಾತು ಓದಿ ನನ್ನ ಗ್ರೂಪು ತೆಗೆದು ನೋಡಿದೆ. ಹೋದ ನವೆಂಬರಿನಲ್ಲಿ ನಾನೂ ಒಂಬತ್ತು ಮಕ್ಕಳ ಹೆಸರು ಹಾಕಿದ್ದೇನೆ. ತಪ್ಪಾಯಿತು, ಇನ್ನು ಹಾಕೋದಿಲ್ಲ. ನಾಳೆಯೇ ಆ ಮನೆಗಳಿಗೆ ಹೋಗಿ ಮಾತಾಡ್ತೀನಿ.

ಕರಾವಳಿ ಮಾಸ್ಟ್ರು

ನಾನು ದಕ್ಷಿಣ ಕನ್ನಡದಲ್ಲಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮಲ್ಲಿ ಮನೆಗೆ ಸುದ್ದಿ ಮುಟ್ಟಿಸುವುದರ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ. ಜಿಲ್ಲಾಧಿಕಾರಿಗಳು ರಜೆ ಘೋಷಿಸುವುದು ಕೆಲವೊಮ್ಮೆ ರಾತ್ರಿ, ಕೆಲವೊಮ್ಮೆ ಬೆಳಿಗ್ಗೆ. ತೋಡು ದಾಟಿ, ಗುಡ್ಡ ಇಳಿದು ಬರುವ ಮಕ್ಕಳಿಗೆ ಅರ್ಧ ಗಂಟೆ ತಡವಾಗಿ ಗೊತ್ತಾದರೂ ಅಪಾಯ. ಅದರ ನಡುವೆ ಹಳೆಯ ವರ್ಷದ ರಜೆ ಆದೇಶಕ್ಕೆ ಹೊಸ ದಿನಾಂಕ ಹಾಕಿ ಸುಳ್ಳು ಸುದ್ದಿ ಹರಿಯಬಿಡುವವರೂ ಇದ್ದಾರೆ. ಹಾಗಾಗಿ ನಾವೊಂದು ನಿಯಮ ಮಾಡಿಕೊಂಡೆವು: ಮುಖ್ಯ ಶಿಕ್ಷಕಿಯ ಧ್ವನಿಯಲ್ಲಿ ಬಂದರೆ ಮಾತ್ರ ರಜೆ. ಬರಹ ಯಾರೂ ತಿದ್ದಬಹುದು, ನಮ್ಮ ಟೀಚರ ಸ್ವರ ಎಲ್ಲ ಮನೆಗೂ ಗೊತ್ತು.

ಆ ಧ್ವನಿ ಸಂದೇಶ ನಿಧಾನವಾಗಿ ಬೇರೆ ವಿಷಯಕ್ಕೂ ಬಳಕೆಗೆ ಬಂತು. ಅರ್ಧ ನಿಮಿಷ ಕನ್ನಡದಲ್ಲಿ, ಅರ್ಧ ನಿಮಿಷ ತುಳುವಿನಲ್ಲಿ. ಬ್ಯಾರಿ ಮಾತಾಡುವ ಮನೆಗಳಿಗೆ ಏಳನೇ ತರಗತಿಯ ಒಬ್ಬಳು ಹುಡುಗಿಯ ತಾಯಿ ಅದನ್ನೇ ಬ್ಯಾರಿಯಲ್ಲಿ ಹೇಳಿ ಕಳಿಸುತ್ತಾರೆ. ಒಂದು ವಿಷಯ ನಿಮಗೆ ಇಷ್ಟವಾಗಬಹುದು: ಕೇಳಿಸಿಕೊಂಡ ತಾಯಂದಿರು ತಿರುಗಿ ಧ್ವನಿಯಲ್ಲೇ ಉತ್ತರಿಸುತ್ತಾರೆ. ಬರಹದ ಗ್ರೂಪಿನಲ್ಲಿ ಮೂರು ವರ್ಷ ಒಂದಕ್ಷರ ಬರೆಯದವರು ಈಗ "ಟೀಚರೇ, ಮಗುವಿಗೆ ಶೀತ ಉಂಟು, ನಾಳೆ ಮಾತ್ರೆ ಬೇಡ" ಎಂದು ಹೇಳುತ್ತಾರೆ.

ನಿಮ್ಮಲ್ಲಿ ಬಟನ್ ಫೋನೇ ಹೆಚ್ಚು ಅಂದಿರಿ. ಹಾಗಾದರೆ ಮಕ್ಕಳ ಕೈಯಲ್ಲೇ ಬರೆಸಿ. ನಾಲ್ಕು-ಐದನೆಯವರು ಪುಸ್ತಕದ ಕೊನೆಯ ಪುಟದಲ್ಲಿ ಒಂದು ಸಾಲು ಬರೆದು, ಮನೆಯಲ್ಲಿ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ ತರಲಿ. ಹೆಬ್ಬೆಟ್ಟು ಬಾರದ ಮನೆಗೆ ನೀವು ಹೋಗಿ. ಎಲ್ಲ ಮನೆಗೂ ಹೋಗುವುದು ತಪ್ಪುತ್ತದೆ.

ನಲಿಕಲಿ ಅಕ್ಕೋರು

ಪಂಚಮಿ ಮುಗಿದ ಮೇಲೆ ಬರೀತಿದ್ದೀನಿ, ತಡವಾಯಿತು. ಏನೇನು ಮಾಡಿದ್ವಿ ಅಂತ ಹೇಳಬೇಕಲ್ಲ.

ನಮ್ಮದು ಫ್ಲೋರೈಡ್ ನೀರಿನ ಊರು, ಕುಡಿಯೋ ನೀರಿಗೆ ಎಲ್ಲರೂ ಶುದ್ಧ ನೀರಿನ ಘಟಕಕ್ಕೇ ಬರಬೇಕು. ನಾಣ್ಯ ಹಾಕಿ ಕ್ಯಾನು ತುಂಬೋವರೆಗೆ ನಿಂತಿರ್ತಾರೆ. ಮಂಡ್ಯದ ಅಣ್ಣಾರು ಹೇಳಿದ ಹಾಗೆ ಅಲ್ಲಿ ಹಲಗೆ ಹಾಕಿದ್ದೀವಿ, ಒಂದು ಸಲಕ್ಕೆ ಒಂದೇ ಸುದ್ದಿ. ಗಿರಣಿಯವರಿಗೂ ಹೇಳಿಟ್ಟಿದ್ದೀನಿ. ಪಂಚಾಯಿತಿ ಕಸದ ಗಾಡಿ ಓಡಿಸೋ ಹೆಣ್ಣುಮಗಳು ನಮ್ಮ ಶಾಲೆಯಲ್ಲೇ ಓದಿದವಳು. ಹಾಡಿನ ನಡುವೆ ನನ್ನ ಧ್ವನಿ ಹಾಕೋಕೆ ಅವಳೇ ಒಪ್ಪಿದಳು. ಈಗ ಶುಕ್ರವಾರ ಮುಂಜಾನೆ ಗಾಡಿ ಬಂದರೆ "ನಾಳೆ ಶನಿವಾರ, ಮಕ್ಕಳನ್ನ ಮುಂಜಾನೆನೇ ಕಳಸ್ರಿ" ಅಂತ ಓಣಿಗೆಲ್ಲ ಕೇಳುತ್ತೆ. ಹತ್ತು ಗಂಟೆಗೆ ಬಂದು ನಿಲ್ಲೋ ಮಕ್ಕಳು ಈ ತಿಂಗಳು ಒಬ್ಬರೂ ಇಲ್ಲ.

ಬಹಳ ಉಪಯೋಗ ಆಗಿದ್ದು ನಾನು ಯೋಚನೆ ಮಾಡದೇ ಇದ್ದ ಕಡೆಯಿಂದ. ನಮ್ಮ ಬಿಸಿಯೂಟದ ಅಡುಗೆಯವರು ಇಬ್ಬರು, ಒಬ್ಬರು ಮೇಲಿನ ಓಣಿಯವರು, ಇನ್ನೊಬ್ಬರು ಕೆಳಗಿನ ಓಣಿಯವರು. ಯಾವ ಮಗು ಯಾರ ಮನೆಯಲ್ಲಿ ಮಲಗುತ್ತೆ, ಯಾರ ಅಪ್ಪ ಯಾವಾಗ ಊರಿಗೆ ಬರ್ತಾನೆ, ಎಲ್ಲ ಅವರಿಗೆ ಗೊತ್ತು. ಮೊಟ್ಟೆ-ಬಾಳೆಹಣ್ಣಿನ ಪಟ್ಟಿಗೆ ನಾನು ಒಂದು ವಾರ ಒದ್ದಾಡುತ್ತಿದ್ದೆ. ಅವರು ಎರಡು ಸಂಜೆಯಲ್ಲಿ ಮನೆಮನೆ ಕೇಳಿಕೊಂಡು ಬಂದರು. "ನಮ್ಮನ್ನ ಮೊದಲೇ ಯಾಕ ಕೇಳ್ಲಿಲ್ರೀ ಅಕ್ಕೋರ" ಅಂದರು. ನಿಜ, ಕೇಳಬೇಕಿತ್ತು.

ಪೋಷಕರ ಸಭೆ ಪಂಚಮಿ ಹಬ್ಬದ ಮರುದಿನ ಸಂಜೆ ಐದಕ್ಕೆ ಇಟ್ಟೆವು, ದುಡಿಯೋಕೆ ಹೋದವರು ಊರಲ್ಲಿರ್ತಾರೆ ಅಂತ. ಹೋದ ಸಲ 14 ಜನ ಬಂದಿದ್ದರು, ಈ ಸಲ 41. ಆ ಹುಡುಗನ ಅಪ್ಪ ಗೋವಾದಿಂದ ಬಂದಿದ್ದರು. ಮೆಸೇಜು ನೋಡಿದ್ದು ನಿಜ, ಅದರಲ್ಲಿ ತಮ್ಮ ಮಗನ ಕಾಗದದ ಮಾತಿದೆ ಅಂತ ತಿಳಿಯಲಿಲ್ಲ ಅಂದರು. ಅಜ್ಜಿ ತಂದಿದ್ದ ಪ್ರಮಾಣಪತ್ರ ಐದು ವರ್ಷ ನಡೆಯುತ್ತೆ, ಅದರ ಆರ್‌ಡಿ ನಂಬರು ಬರೆದು ಶಾಲೆಯ ಫೈಲಿನಲ್ಲಿ ಇಟ್ಟಿದ್ದೀನಿ. ಈ ವರ್ಷದ ಅರ್ಜಿಯನ್ನ ನಾನೇ ಕೂತು ಹಾಕಿಸ್ತೀನಿ.

ಉಳಿದಿರೋದು ಏಳು ಮನೆ. ದಸರಾ ರಜೆ ಆದ ಮೇಲೆ ಇವರು ಮಕ್ಕಳನ್ನೂ ಕರಕೊಂಡು ಕಬ್ಬು ಕಡಿಯೋಕೆ ಹೋಗ್ತಾರೆ, ತಿರುಗಿ ಬರೋದು ಬೇಸಿಗೆಗೆ. ಅಲ್ಲಿಯ ಗುಡಿಸಲಿಗೆ ಹಲಗೆಯೂ ಇಲ್ಲ, ಕಸದ ಗಾಡಿಯೂ ಇಲ್ಲ. ಆ ಮಕ್ಕಳನ್ನ ಅಜ್ಜಿ-ಮುತ್ಯಾನ ಹತ್ತಿರ ಬಿಟ್ಟು ಹೋಗಿ ಅಂತ ಸಭೆಯಲ್ಲಿ ಕೇಳಿದೆ, ಎರಡು ಮನೆಯವರು ಒಪ್ಪಿದ್ದಾರೆ. ಉಳಿದ ಐದು ಮನೆಯ ಆರು ಮಕ್ಕಳ ವಿಷಯದಲ್ಲಿ, ಗುಳೆ ಹೋಗೋ ಊರಿನ ಶಿಕ್ಷಕರು ಯಾರಾದರೂ ಇದ್ದರೆ, ಏನು ಮಾಡಿದ್ದೀರಿ ಅಂತ ಇಲ್ಲಿ ಬರೀರಿ. ದಸರೆಗೆ ಇನ್ನು ಎರಡು ತಿಂಗಳೂ ಇಲ್ಲ.